ಅಂಗಡಿಯಲ್ಲಿ ಕೆಡದ ಕಂಪ್ಯೂಟರ್

ಇಪ್ಪತ್ತೊಂಬತ್ತಕ್ಕೇ ನಿವೃತ್ತನಾದವನು ನಾನು. ಶಾಲಿಲ್ಲ, ಗಂಧದ ಹಾರವಿಲ್ಲ, ನನ್ನ ಬಗ್ಗೆ ನಾಲ್ಕು ಒಳ್ಳೆಯ ಸುಳ್ಳು ಹೇಳುವುದಕ್ಕೆ ಯಾರೂ ಬರಲಿಲ್ಲ. ಮೈಸೂರಿನ ದಟ್ಟಗಳ್ಳಿಯ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರನ್ನು ನಂಜೇಗೌಡ್ರು ಕೊನೆಯ ಸಲ ಎಳೆದು ಬೀಗ ಹಾಕಿದರು, 'ಬತ್ತೀನಿ ಕಣೋ ಮಂಜ' ಅಂದರು, ಮಂಡಿನೋವಿನ ಕಾಲೆಳೆದುಕೊಂಡು ಸ್ಕೂಟರ್ ಹತ್ತಿದರು. ಈಗ ಅಲ್ಲಿ ಬೇಕರಿ ಇದೆ. ನಾನು ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಊರವರ ದನಿಯನ್ನೆಲ್ಲ ಮಾಡಿ ನಗಿಸುತ್ತೇನೆ. ನಿನ್ನ ಸ್ವಂತ ದನಿ ಯಾವುದೋ ಅಂತ ಅಮ್ಮ ಕೇಳುತ್ತಾಳೆ. ಅದಿನ್ನೂ ರಿಪೇರಿಗೆ ಹೋಗಿದೆ, ಬಂದಿಲ್ಲ.

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಫೋನ್ ಮಾಡಿ ಏನೇನು ಕಲಿತಿರಬೇಕು ಅಂತ ಕೇಳುತ್ತಾರೆ. ಸ್ಕ್ರೂಡ್ರೈವರ್ ಹಿಡಿಯುವುದನ್ನು ಹೇಗೂ ಕಲಿಯುತ್ತೀರಿ. ಅದು ಬಿಟ್ಟು ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಪಾಠ ಅಂದುಕೊಳ್ಳಬೇಡಿ, ಪಾಠ ಹೇಳುವ ಮುಖ ನನ್ನದಲ್ಲ.

ಮೊದಲು ಗೌಡ್ರ ವಿಚಾರ. ಅವರದ್ದೊಂದು ಪದ್ಧತಿ ಇತ್ತು. ಗಿರಾಕಿ ಟೀ ಕುಡಿದು ಮುಗಿಸುವವರೆಗೆ ಕ್ಯಾಬಿನೆಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚುವಂತಿಲ್ಲ. ಪಕ್ಕದ ಕ್ಯಾಂಟೀನಿನಿಂದ ಟೀ ತರಿಸಿ, ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಂಪ್ಯೂಟರನ್ನು ಮನೆಯಲ್ಲಿ ಎಲ್ಲಿಟ್ಟಿದ್ದೀರಿ, ಕಿಟಕಿ ಯಾವ ಕಡೆಗಿದೆ, ಅದು ಕೆಡುವ ಹೊತ್ತಿಗೆ ಅಡುಗೆಮನೆಯಲ್ಲಿ ಏನು ನಡೆಯುತ್ತಿರುತ್ತದೆ ಅಂತೆಲ್ಲ ಕೇಳುವರು. ಹೆಣ್ಣು ನೋಡಲು ಬಂದವರೂ ಅಷ್ಟು ವಿಚಾರಿಸುವುದಿಲ್ಲ. ನನಗೆ ಕೈ ತುರಿಸುತ್ತಿತ್ತು. ಗೌಡ್ರು ಹರಟೆಗಾಗಿಯೇ ಅಂಗಡಿ ಇಟ್ಟಿದ್ದಾರೆ ಅಂತ ಅವರ ದನಿಯಲ್ಲೇ ಆಡಿಕೊಳ್ಳುತ್ತಿದ್ದೆ. ಪದಗಳನ್ನು ಅರ್ಧ ನುಂಗಿ, ಉಳಿದರ್ಧವನ್ನು ಮೂಗಿನಿಂದ ಬಿಡುವ ದನಿ ಅವರದು. ಒಂದು ಮಧ್ಯಾಹ್ನ ಅವರು ಹೊರಗೆ ಹೋಗಿದ್ದಾಗ ಫೋನ್ ಬಂತು. ಗಿರಾಕಿ ಅಂದುಕೊಂಡು ಅದೇ ದನಿಯಲ್ಲಿ 'ಇವತ್ ಆಗಾಕಿಲ್ಲ, ನಾಳೆ ನೋಡನ' ಅಂದುಬಿಟ್ಟೆ. ಆ ಕಡೆ ಇದ್ದದ್ದು ಅವರ ಹೆಂಡತಿ. ಊಟಕ್ಕೆ ಬನ್ನಿ ಅಂತ ಕರೆದಿದ್ದರಂತೆ. ಅವತ್ತು ಗೌಡ್ರ ಮನೆಯಲ್ಲಿ ಗೌಡ್ರಿಗೆ ಅನ್ನ ಇರಲಿಲ್ಲ.

ಆಯುಧಪೂಜೆ ಮುಗಿದ ಮೇಲಿನ ವಾರ ನಮ್ಮ ಅಂಗಡಿಗೆ ನಿಜವಾದ ಹಬ್ಬ. ಕುಂಕುಮ ಮೆತ್ತಿದ ಕೀಬೋರ್ಡು, ಫ್ಯಾನಿನೊಳಗೆ ಸೇವಂತಿಗೆ ದಳ, ಮಾನಿಟರಿನ ಮೇಲೆ ಮೂರು ಪಟ್ಟೆ ವಿಭೂತಿ. ಒಬ್ಬ ಲೆಕ್ಕಪರಿಶೋಧಕರ ಯಂತ್ರ ತಾನೇ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನಾನು ಮೆಮೊರಿ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ನನಗೆ ತಿಳಿದ ದೇವರನ್ನೆಲ್ಲ ಬೈದೆ. ಗೌಡ್ರು ಟೀ ಕೊಡಿಸಿ ಕೂರಿಸಿ, ಪೂಜೆ ಯಾರು ಮಾಡಿದ್ದು ಅಂತ ಕೇಳಿದರು. ಅತ್ತೆ ಮಾಡಿದ್ದು, ಬಹಳ ಶ್ರದ್ಧೆಯವರು ಅಂದರು ಲೆಕ್ಕಪರಿಶೋಧಕರು. ಆ ಶ್ರದ್ಧೆ ಎಷ್ಟಿತ್ತೆಂದರೆ, ಯಂತ್ರಕ್ಕೆ ಹಣೆ ಎಲ್ಲಿದೆ ಅಂತ ಹುಡುಕಿ, ರೀಸ್ಟಾರ್ಟ್ ಗುಂಡಿಯೇ ಹಣೆ ಅಂತ ತೀರ್ಮಾನಿಸಿ, ಅಲ್ಲಿಗೆ ದಪ್ಪಗೆ ಗಂಧ ಹಚ್ಚಿದ್ದರು. ಗಂಧ ಒಣಗಿ ಗುಂಡಿ ಅರ್ಧಕ್ಕೇ ಕಚ್ಚಿಕೊಂಡು, ಆಗಾಗ ತಾನೇ ಒತ್ತಿಕೊಳ್ಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸರಿಹೋಯಿತು.

ನಾನು ಸೇರಿದಾಗ ಕಿವಿ, ಮೂಗು, ಬೆರಳು ಇಷ್ಟರಲ್ಲೇ ಅರ್ಧ ಕೆಲಸ ಆಗುತ್ತಿತ್ತು. ಬೀಪ್ ಶಬ್ದ ಕೇಳಿ ಹೇಳುತ್ತಿದ್ದೆವು, ಸುಟ್ಟ ವಾಸನೆ ಹಿಡಿದು ಹೇಳುತ್ತಿದ್ದೆವು. ಕೊನೆಕೊನೆಗೆ ಗಿರಾಕಿಗಳು ವಿಡಿಯೋ ನೋಡಿ, ಕಾಯಿಲೆ ಹೆಸರು ಸಮೇತ ಬರುತ್ತಿದ್ದರು. ನಾವು ಬರೀ ಸಹಿ ಹಾಕುವ ಡಾಕ್ಟರಾದೆವು. ಟೀ ಕುಡಿಯಲು ಕೂರುವವರೂ ಕಡಿಮೆಯಾದರು.

ಕಿರಣ ಕೂರಲಿಲ್ಲ. ಅವನ ಕಥೆ ಹೇಳುವುದಕ್ಕೇ ಇಷ್ಟು ಬರೆದದ್ದು.

ಅಶೋಕಪುರಂನ ಹುಡುಗ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಹೆಬ್ಬಾಳದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಒಂದು ಸಂಜೆ ಬೈಕಿನ ಹಿಂದೆ ಗೆಳೆಯನನ್ನು ಕೂರಿಸಿ, ಅವನ ತೊಡೆಯ ಮೇಲೆ ಕಂಪ್ಯೂಟರ್ ಇಟ್ಟು, ಹೆರಿಗೆ ಆದವಳನ್ನು ಆಸ್ಪತ್ರೆಯಿಂದ ಕರೆತರುವಷ್ಟು ನಿಧಾನವಾಗಿ ಬಂದ. ಗೇಮಿಂಗ್‌ಗೆಂದೇ ಜೋಡಿಸಿದ ಯಂತ್ರ, ಒಳಗೆಲ್ಲ ಬಣ್ಣದ ದೀಪ. ಆಟ ಆಡುತ್ತಿರುವಾಗ ಪಟ್ ಅಂತ ಆರಿ, ಮತ್ತೆ ತಾನೇ ಆನ್ ಆಗುತ್ತದೆ ಅಂದ. ನಾಲ್ಕು ಜನ ಗೆಳೆಯರ ತಂಡ, ಬೇರೆಬೇರೆ ಊರಿನವರು, ಆನ್‌ಲೈನ್ ಪಂದ್ಯಗಳಲ್ಲಿ ಒಟ್ಟಿಗೆ ಆಡುತ್ತಾರೆ. ಇವನ ಯಂತ್ರ ಆರಿದರೆ ತಂಡ ಸೋಲುತ್ತದೆ. ಟೀ ತರಿಸಲಾ ಅಂದದ್ದಕ್ಕೆ ಬೇಡ, ಮನೆಗೆ ಬೇಗ ಹೋಗಬೇಕು, ಅಪ್ಪನಿಗೆ ಹುಷಾರಿಲ್ಲ ಅಂದ. ಗೌಡ್ರ ಪ್ರಶ್ನೆಗಳು ಅವರ ಬಾಯಲ್ಲೇ ಉಳಿದವು.

ಅಂಗಡಿಯಲ್ಲಿ ಆ ಯಂತ್ರ ಕೆಡಲೇ ಇಲ್ಲ. ಯಂತ್ರವನ್ನು ಪೂರ್ತಿ ದುಡಿಸುವ ಪರೀಕ್ಷೆಗಳನ್ನು ಹಚ್ಚಿಟ್ಟೆ, ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗಿದವು, ಆದರೂ ಅಲುಗಲಿಲ್ಲ. ಶಾಖ ಸರಿ ಇತ್ತು, ಮೆಮೊರಿ ಸರಿ ಇತ್ತು. ಮನೆಗೆ ಕೊಟ್ಟು ಕಳಿಸಿದರೆ ಎರಡೇ ದಿನಕ್ಕೆ ಅವನ ಫೋನ್. ಅತ್ತೆಮನೆಯಲ್ಲಿ ಮಾತ್ರ ಜ್ವರ ಬರುವ ಸೊಸೆ ಅಂತ ನಾನು ಅದಕ್ಕೆ ಹೆಸರಿಟ್ಟೆ. ಕೊನೆಗೆ ಪವರ್ ಸಪ್ಲೈ ಬದಲಿಸೋಣ ಅಂತ ತೀರ್ಮಾನಿಸಿ, ಹೊಸದನ್ನು ಹಾಕಿ, ನಾನೇ ಅವರ ಮನೆಗೆ ಒಯ್ದು ಜೋಡಿಸಿದೆ.

ಮನೆ ಅಂದರೆ ಹಾಲು, ಒಂದು ರೂಮು, ಅಡುಗೆಮನೆ. ಹಾಲಿನಲ್ಲಿ ಮಂಚ, ಮಂಚದ ಮೇಲೆ ಕಿರಣನ ಅಪ್ಪ ಮಾದೇವಯ್ಯ. ಬಹಳ ವರ್ಷ ಕುಲುಮೆಯ ಮುಂದೆ ದುಡಿದು ಶ್ವಾಸಕೋಶ ಕಳೆದುಕೊಂಡವರು. ಮೂಗಿಗೆ ಸಣ್ಣ ಕೊಳವೆ, ಅದರ ಇನ್ನೊಂದು ತುದಿ ನೆಲದ ಮೇಲಿನ ಆಕ್ಸಿಜನ್ ಮಿಷನ್ನಿಗೆ. ನಾಲ್ಕೈದು ಸೆಕೆಂಡಿಗೊಮ್ಮೆ ಅದು ಬುಸ್ ಅನ್ನುವುದು, ಹಿಂದೆಯೇ ಟಕ್ ಅನ್ನುವುದು. ಹಗಲೂ ರಾತ್ರಿ ಅದು ಓಡುತ್ತಲೇ ಇರಬೇಕು, ನಿಂತರೆ ಹೃದಯಕ್ಕೆ ಪೆಟ್ಟು ಅಂತ ಡಾಕ್ಟರು ಹೇಳಿದ್ದರು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಸಣ್ಣ ಹಳದಿ ಬಲ್ಬು.

ನಾನು ರೂಮಿನಲ್ಲಿ ವೈರು ಸಿಕ್ಕಿಸುತ್ತ ಗೌಡ್ರ ದನಿಯಲ್ಲಿ ಕಿರಣನಿಗೆ ಏನೋ ಹೇಳಿದೆ. ಹಾಲಿನಿಂದ ನಗು ಕೇಳಿಸಿತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮಾದೇವಯ್ಯ, 'ಇನ್ನೊಂದ್ ದನಿ ಮಾಡಪ್ಪ' ಅಂದರು. ಅವತ್ತು ನಾನು ಅರ್ಧ ಮೈಸೂರನ್ನು ಆ ಹಾಲಿಗೆ ಕರೆತಂದೆ.

ಆಮೇಲೆ ಕೆಲವು ವಾರ ಸಂತೋಷ. ಕಿರಣ ಫೋನ್ ಮಾಡಿ, ಮಂಜಣ್ಣ ಸೂಪರ್, ಒಂದ್ಸಲಾನೂ ಆಗಿಲ್ಲ ಅಂದ. ನಾನು ಅಂಗಡಿಯಲ್ಲಿ ಕಾಲರ್ ಎತ್ತಿಕೊಂಡು ಓಡಾಡಿದೆ. ಗೌಡ್ರು ಮಾತ್ರ, ಅದ್ ಯಾಕ್ ಸರಿಹೋಯ್ತು ಹೇಳು ಅಂದರು. ಪವರ್ ಸಪ್ಲೈ ಅಂದೆ. ಹಳೆಯದನ್ನು ಅವರು ಬೇರೆ ಯಂತ್ರಕ್ಕೆ ಹಾಕಿ ಆಗಲೇ ಓಡಿಸುತ್ತಿದ್ದರು. ಅದು ಚೆನ್ನಾಗಿಯೇ ಇತ್ತು.

ಮತ್ತೆ ಶುರುವಾಯಿತು. ಈ ಸಲ ದಿನವೂ ಅಲ್ಲ, ಒಂದೊಂದು ದಿನ. ಫೋನಿನಲ್ಲಿ ಕಿರಣನ ದನಿ ಇಳಿದುಹೋಗಿತ್ತು. ಅಪ್ಪನ ಕಾಲು ಊದಿಕೊಳ್ಳುತ್ತಿದೆ, ಮಿಷನ್ ಇದ್ದರೂ ಯಾಕೆ ಹೀಗೆ ಅಂತ ಡಾಕ್ಟರು ಅಮ್ಮನನ್ನು ಗದರಿದರು, ನನಗೆ ಈ ಕಂಪ್ಯೂಟರ್ ಕಡೆ ಗಮನ ಕೊಡಲೂ ಆಗುತ್ತಿಲ್ಲ, ನೀವೇ ಹೋಗಿ ನೋಡಿ ಅಂದ. ಅವನು ಪಾಳಿಯಲ್ಲಿದ್ದ. ಅವನ ಅಮ್ಮ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವರು, ಅವರು ಬರುವುದು ದೀಪ ಹಚ್ಚುವ ಹೊತ್ತಿಗೆ. ಬಾಗಿಲು ಬರೀ ಮುಂದೆ ಮಾಡಿರುತ್ತೆ, ತಳ್ಳಿ ಹೋಗಿ ಅಂದ.

ತಳ್ಳಿ ಹೋದೆ. ಮಾದೇವಯ್ಯ ಗೋಡೆಗೆ ಒರಗಿ ಕೂತಿದ್ದರು. ನಾನು ರೂಮಿಗೆ ಹೋಗಿ ಆಟ ಹಾಕಿದೆ. ಅವರು ಹಾಲಿನಿಂದಲೇ, ಓಡ್ತದಾ ಅಂತ ಕೇಳಿದರು. ಓಡ್ತಿದೆ ಯಜಮಾನ್ರೇ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, ಓಡ್ತದಾ. ಓಡ್ತಿದೆ. ಮೂರನೆಯ ಸಲ ಕೇಳಿದಾಗ ಆ ಪದದ ನಡುವೆ ಉಸಿರು ತುಂಡಾಯಿತು. ಹೊರಗೆ ಬಂದು ನೋಡಿದರೆ ತುಟಿ ನೇರಳೆ ಬಣ್ಣಕ್ಕೆ ತಿರುಗಿದೆ. ಆಗ ಹೊಳೆಯಿತು, ಮನೆಯಲ್ಲಿ ಬುಸ್ ಟಕ್ ಶಬ್ದವೇ ಇಲ್ಲ. ಕೊಳವೆ ದಿಂಬಿನ ಮೇಲೆ ಬಿದ್ದಿತ್ತು.

ಓಡಿಹೋಗಿ ಮಿಷನ್ನಿನ ಸ್ವಿಚ್ ಹಾಕಿ, ಕೊಳವೆಯನ್ನು ಅವರ ಮೂಗಿಗೆ ಸಿಕ್ಕಿಸಿದೆ. ಬುದ್ಧನ ಬಲ್ಬು ಮಂಕಾಯಿತು. ರೂಮಿನಲ್ಲಿ ಆಟದ ಸಂಗೀತ ಪಟ್ ಅಂತ ನಿಂತು, ಕಂಪ್ಯೂಟರ್ ಹೊಸದಾಗಿ ಶುರುವಾಗುವ ಸಣ್ಣ ಬೀಪ್ ಕೇಳಿಸಿತು.

ಇಬ್ಬರೂ ಅದನ್ನು ಕೇಳಿಸಿಕೊಂಡೆವು. ನಾನು ಅವರ ಮುಖ ನೋಡಿದೆ. ಅವರು ಬಲ್ಬು ನೋಡುತ್ತಿದ್ದರು. ಉಸಿರು ತಿರುಗಿ ಬರುವವರೆಗೆ ಮಂಚದ ತುದಿಯಲ್ಲಿ ಕೂತೆ.

'ಗೊತ್ತಾಯ್ತಾ?' ಅಂದರು.

'ಎಷ್ಟ್ ದಿನದಿಂದ ಯಜಮಾನ್ರೇ?'

'ನೀನು ಆ ಡಬ್ಬ ಬದಲಾಯಿಸ್ದಲ್ಲ, ಅದಕ್ ಮುಂಚೇನೇ ಗೊತ್ತಾಗಿತ್ತು. ಆರಿಸೋಕ್ ಶುರು ಮಾಡಿದ್ದು ಅವತ್ತಿಂದ. ಇದ್ ಓಡುದ್ರೆ ಅದ್ ನಿಂತೋಯ್ತದೆ. ಬಲ್ಬು ನೋಡ್ತಾ ಮನೀಕಂಡಿರೋನಿಗೆ ಇನ್ನೇನ್ ಕೆಲ್ಸ?' ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. 'ಬೆಳಿಗ್ಗೆ ಕಾರ್ಖಾನೆ. ಬಂದ್ರೆ ನನ್ ಬಟ್ಟೆ, ನನ್ ಸ್ನಾನ, ನನ್ ಮಾತ್ರೆ. ಅಲ್ಲಿ ಕೂತಾಗ ಮಾತ್ರ ಕಣಪ್ಪ ಅವ್ನು ನಗೋದು. ಬಾಗ್ಲು ಹಾಕಂಡಿದ್ರೂ ಕೇಳಿಸ್ತದೆ. ಆ ಹೊತ್ ನಾನು ತಡ್ಕತೀನಿ. ಅವ್ನಿಗೆ ಹೇಳ್ಬ್ಯಾಡ.'

ಒಂದೊಂದು ದಿನ ಕೆಡುತ್ತಿದ್ದದ್ದು ಯಾಕೆ ಅಂತಲೂ ಈಗ ತಿಳಿಯಿತು. ಸಂಜೆ ಅವರ ಹೆಂಡತಿ ಕೆಲಸದಿಂದ ಬೇಗ ಬಂದ ದಿನ, ಕೊಳವೆ ಬಿದ್ದಿರುವುದನ್ನು ನೋಡಿ ಬೈದು, ಮಿಷನ್ ಹಾಕುತ್ತಿದ್ದರು. ಹಾಕಿದ ಕೂಡಲೇ ರೂಮಿನಲ್ಲಿ ಮಗ ಸೋಲುತ್ತಿದ್ದ. ಒಳಗಿದ್ದವನಿಗೆ ಹೆಡ್‌ಫೋನ್, ಹೊರಗಿನದೊಂದೂ ಕೇಳುತ್ತಿರಲಿಲ್ಲ.

ನಾನು ಗೌಡ್ರಿಗೆ ಫೋನ್ ಮಾಡಿದೆ. ಅಂಗಡಿ ಬಿಟ್ಟು ಯಾರ ಮನೆಗೂ ಹೋಗದ ಮನುಷ್ಯ, ಬಾಗಿಲು ಹಾಕಿ, ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದರು. ಸ್ವಿಚ್‌ಬೋರ್ಡ್ ಬಿಚ್ಚಿದರೆ ಒಳಗಿನ ಒಂದು ಜೋಡಣೆ ಸುಟ್ಟು ಇದ್ದಿಲಾಗಿತ್ತು. ಹಾಲಿಗೂ ರೂಮಿಗೂ ಸೇರಿ ಒಂದೇ ತೆಳ್ಳನೆಯ ವೈರು. ಎರಡೂ ಯಂತ್ರ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿಯುತ್ತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬೆಂಕಿಯೇ ಹತ್ತುತ್ತಿತ್ತೇನೋ. ಗೌಡ್ರು ಪರಿಚಯದ ವೈರ್‌ಮನ್ನನ್ನು ಕರೆಸಿ, ಆಕ್ಸಿಜನ್ ಮಿಷನ್ನಿಗೆಂದೇ ಮೀಟರ್ ಬೋರ್ಡಿನಿಂದ ಬೇರೆ ದಪ್ಪ ಲೈನು ಎಳೆಸಿದರು. ಮಾದೇವಯ್ಯ ಏನು ಕೇಳಿಕೊಂಡರು ಅಂತ ಅವರಿಗೆ ಹೊರಗೆ ನಿಂತು ಹೇಳಿದೆ. ಲೈನ್ ಹಾಳಾಗಿತ್ತು ಅಂತಷ್ಟೇ ಕಿರಣನಿಗೆ ಹೇಳೋಣ, ಹೇಗೂ ಸರಿಹೋಯಿತಲ್ಲ ಅಂದೆ. ಗೌಡ್ರು, ಇಲ್ಲಿ ಟೀ ಎಲ್ಲಿ ಸಿಗುತ್ತೆ ಅಂತ ಕೇಳಿದರು.

ಕಿರಣ ಪಾಳಿ ಮುಗಿಸಿ ಬಂದಾಗ ಗೌಡ್ರು ಗಲ್ಲಿಯ ತುದಿಯ ಅಂಗಡಿಯಿಂದ ಟೀ ತರಿಸಿದ್ದರು. ಅವನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಲೋಟ ಕೈಗಿತ್ತರು. ಪೂರ್ತಿ ಕುಡಿಸಿದರು. ಆಮೇಲೆ ಹೇಳಿದರು, ಒಂದನ್ನೂ ಬಿಡದೆ. ಆವತ್ತು ಒಂದು ಪದವನ್ನೂ ಅವರು ನುಂಗಲಿಲ್ಲ.

ಕಿರಣ ಖಾಲಿ ಲೋಟ ಹಿಡಿದು ಕೂತಿದ್ದ. 'ನಾನು ಒಳಗೆ ಕೂತ್ಕೊಂಡು ನಗ್ತಾ ಇದ್ನಾ?' ಅಂದ.

ಗೌಡ್ರು ಹೂಂ ಅಂದರು.

ಅವನು ಒಳಗೆ ಹೋಗಿ ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು, ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಎತ್ತಿಟ್ಟ. ಅಪ್ಪನ ಕಡೆ ನೋಡಲಿಲ್ಲ. ಮಾದೇವಯ್ಯ ನನ್ನ ಕಡೆ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ಬೇಕಾದರೆ ಗೌಡ್ರ ಕಡೆ ಕೈ ತೋರಿಸಿ, ಹೇಳಿದ್ದು ನಾನಲ್ಲ ಇವರು ಅನ್ನಬಹುದಿತ್ತು. ಎಲ್ಲರ ದನಿಯೂ ಬರುವ ಬಾಯಿ ಮುಚ್ಚಿಕೊಂಡು, ಉಳಿದ ವೈರನ್ನು ಸುತ್ತತೊಡಗಿದೆ.

ಸ್ಕೂಟರಿನಲ್ಲಿ ಬರುವಾಗ ಗೌಡ್ರ ಜೊತೆ ಜಗಳ ಆಡಿದೆ. ಮುದುಕರಿಗೆ ಇದ್ದದ್ದು ಅದೊಂದು ನಗು, ಅದನ್ನೂ ಕಿತ್ತುಕೊಂಡಿರಿ ಅಂದೆ. ಅವರು ಗಾಡಿ ನಿಲ್ಲಿಸಿದರು. 'ಲೈನ್ ಸರಿಹೋಯ್ತು. ಆ ಮನುಷ್ಯ ಅದನ್ನ ನಂಬ್ಯಾನ ಮಂಜ? ಹುಡ್ಗ ಆಡೋಕೆ ಕೂತಾಗೆಲ್ಲ, ಯಾಕ್ ಬೇಕು ಅಂತ ಮಿಷನ್ ಆರಿಸ್ತಾನೇ ಇರ್ತಾನೆ. ಅದನ್ನ ನೋಡ್ಕೊಳ್ಳೋಕೆ ಆ ಮನೇಲಿ ಒಬ್ರಿಗಾದ್ರೂ ಗೊತ್ತಿರ್ಬೇಕಲ್ವಾ?' ಗಾಡಿ ಮತ್ತೆ ಹೊರಡಿಸಿದರು.

ಹಲವು ದಿನ ಕಳೆದ ಮೇಲೆ ಕಿರಣನ ಅಮ್ಮ ಫೋನ್ ಮಾಡಿದರು. ಯಜಮಾನ್ರು ಕರೀತಾವ್ರೆ ಅಂದರು. ಹೋದೆ. ಮಾದೇವಯ್ಯನವರ ಮುಖ, ಪಾದ ಎರಡೂ ಊದಿದ್ದವು. ಮಿಷನ್ ಓಡುತ್ತಿತ್ತು. ಮಗ ಬಾಯಿ ಬಿಡುತ್ತಿಲ್ಲ, ಕೆಲಸದಿಂದ ಬಂದವನು ಮಂಚದ ಪಕ್ಕ ಕೂತು ಕೊಳವೆಯನ್ನೇ ನೋಡುತ್ತಿರುತ್ತಾನೆ, ಹೆಣ ಕಾಯುವ ಹಾಗೆ ಕಾಯುತ್ತಾನೆ ಅಂದರು. ಅಟ್ಟದ ಕಡೆ ಕಣ್ಣು ಮಾಡಿದರು.

'ಅದನ್ನ ಇಳ್ಸಿ ಇಲ್ಲೇ ಆಕು. ನನ್ ಪಕ್ಕದಾಗೇ. ಕಿವಿಗ್ ಆಕತಾನಲ್ಲ, ಅದು ಬ್ಯಾಡ. ಯಾರ್ ಜೊತೇಲಿ ನಗ್ತಾನೋ ನಾನೂ ಕೇಳ್ಬೇಕು.'

ಸ್ಪೀಕರ್ ತಂದು, ಮೇಜಿನ ಮೇಲೆ ಮೈಕು ಇಟ್ಟು ಹಾಲಿನಲ್ಲಿ ಜೋಡಿಸಿಕೊಟ್ಟೆ. ಕಿರಣ ಒಪ್ಪಲಿಲ್ಲ. ಅಪ್ಪ ಕೊಳವೆಯನ್ನು ಕಿತ್ತೆಸೆಯುವ ಹಾಗೆ ಕೈ ಎತ್ತಿದಾಗ ಓಡಿಬಂದು ಕೂತ. ಮೊದಲ ಸಂಜೆ ಆಟದ ಮಧ್ಯೆ ಹತ್ತು ಸಲ ಎದ್ದು ಮಿಷನ್ ನೋಡಿದ, ಆಡಿದ್ದೆಲ್ಲ ಸೋತ. ಆಮೇಲೆ ಎದ್ದು ನೋಡುವುದು ಕಡಿಮೆಯಾಯಿತಂತೆ, ಬುಸ್ ಟಕ್ ಕೇಳಿಸುತ್ತಿತ್ತಲ್ಲ. ನಾನು ಆ ಕಡೆ ಹೋದಾಗಲೆಲ್ಲ ಇಣುಕುತ್ತಿದ್ದೆ. ಮಾದೇವಯ್ಯ ಕ್ರಿಕೆಟ್ ನೋಡುವವರ ಹಾಗೆ ಸಲಹೆ ಕೊಡುತ್ತಿದ್ದರು. 'ಆ ಗೋಡೆ ಹಿಂದ್ಗಡೆ ಒಬ್ಬ ಅವ್ನೆ ನೋಡ್ಲಾ. ಆ ಕೆಂಪಂಗಿಯೋನು ನೀನಾ? ಮತ್ಯಾಕ್ ಅವ್ನಿಗ್ ಒಡೀತಿಯಾ?' ಕಿರಣ, ಅಪ್ಪ ಸುಮ್ನಿರಪ್ಪ ಅನ್ನುವನು. ನಾನು ಎಲ್ಲರ ದನಿ ಮಾಡಿದ್ದೇನೆ, ಮಾದೇವಯ್ಯನವರದನ್ನು ಮಾತ್ರ ವೇದಿಕೆಗೆ ಒಯ್ದಿಲ್ಲ.

ಕಂಪ್ಯೂಟರ್ ಮತ್ತೆ ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ.

ಚಳಿಗಾಲದಲ್ಲಿ ಮಾದೇವಯ್ಯ ತೀರಿಕೊಂಡರು. ಮಿಷನ್ ಓಡುತ್ತಲೇ ಇತ್ತು, ಅದೇನೂ ತಪ್ಪು ಮಾಡಲಿಲ್ಲ. ಆರಿಸಿಟ್ಟ ಆ ಸಂಜೆಗಳಿಂದಲೇ ಹೀಗಾಯಿತಾ ಅಂತ ಕಿರಣ ಡಾಕ್ಟರನ್ನು ಕೇಳಿದನಂತೆ. ಹಾಗೆ ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ ಅಂದರಂತೆ ಅವರು. ಆಗುತ್ತದೆ ಅಂದಿದ್ದರೂ ಅವನಿಗೆ ಕಷ್ಟ, ಆಗುವುದಿಲ್ಲ ಅಂದದ್ದೂ ಕಷ್ಟವೇ ಆಯಿತು.

ಬೌದ್ಧ ಪದ್ಧತಿಯಲ್ಲಿ ತಿಥಿಯ ಬದಲು ಮಾಡುವ ಪುಣ್ಯಾನುಮೋದನೆಯ ಊಟಕ್ಕೆ ಹೋಗಿದ್ದೆ. ನೆಂಟರು ಹೊರಟ ಮೇಲೆ ಕಿರಣ ನನ್ನನ್ನು ತಡೆದು ನಿಲ್ಲಿಸಿದ. ಮಂಚ ತೆಗೆದಿದ್ದರು. ಬಾಡಿಗೆಯ ಮಿಷನ್ ಹಿಂದಿರುಗಿ ಹೋಗಿತ್ತು, ಅದಕ್ಕೆಂದು ಎಳೆಸಿದ ದಪ್ಪ ವೈರಿನ ಪ್ಲಗ್ಗು ಗೋಡೆಯಲ್ಲಿ ಹಾಗೇ ಇತ್ತು. 'ಒಬ್ನೇ ಕಂಪ್ಯೂಟರ್ ಆನ್ ಮಾಡೋಕ್ ಆಗ್ತಿಲ್ಲ ಮಂಜಣ್ಣ, ಸ್ವಲ್ಪ ಇರಿ' ಅಂದ. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ.

ಆನ್ ಮಾಡಿದ. ಬಣ್ಣದ ದೀಪಗಳು ಹತ್ತಿದವು. ತಂಡದವರು ಒಬ್ಬೊಬ್ಬರೇ ಸೇರಿಕೊಂಡರು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಒಬ್ಬ ಬೈದ. ಇವನು ಅವರಿಗೆ ಏನೂ ಹೇಳಿರಲಿಲ್ಲ. ಆಟ ಶುರುವಾಗುವುದಕ್ಕೆ ಕಾಯುತ್ತಿದ್ದಾಗ ಸ್ಪೀಕರಿನಿಂದ ಇನ್ನೊಬ್ಬ ಹುಡುಗನ ದನಿ ಬಂತು. ಯಾವುದೋ ದೂರದ ಊರಿನವನು, ಈ ಮನೆಯನ್ನು ಕಂಡವನಲ್ಲ.

'ಏನೋ ಕಿರಣ, ನಿನ್ ಮೈಕಲ್ಲಿ ಯಾವಾಗ್ಲೂ ಬುಸ್ ಬುಸ್ ಅಂತ ಒಂದ್ ಸೌಂಡ್ ಬರ್ತಿತ್ತಲ್ಲ. ಇವತ್ತು ಬರ್ತಾನೇ ಇಲ್ಲ. ರಿಪೇರಿ ಮಾಡಿಸ್ದಾ?'

ಕಿರಣ ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಮೈಕಿನ ಹತ್ತಿರ ಬಾಯಿ ತಂದ.

'ಹೂಂ ಕಣೋ,' ಅಂದ. 'ಈಗ ಸರಿಯಾಗ್ ಕೇಳಿಸ್ತಾ ಇದ್ಯಾ?'